ದೀನಾರ, ದಿರ್ಹಮ್ ಮತ್ತು ಮಿಸ್ಕಾಲ್

ನಾಣ್ಯವನ್ನು ಎಣಿಸಿ ಕೊಡುವುದೂ ಎಣಿಸಿ ತೆಗೆದುಕೊಳ್ಳುವುದೂ ನಮಗೆ ಅಭ್ಯಾಸವಾಗಿಬಿಟ್ಟಿದೆ. ಅದನ್ನು ತೂಗಿ ನೋಡಬೇಕೆಂಬ ಯೋಚನೆಯೇ ನಮಗೆ ಬರುವುದಿಲ್ಲ. ಏಕೆಂದರೆ ಅದರ ಬೆಲೆಯಿರುವುದು ಲೋಹದಲ್ಲಲ್ಲ, ಅದನ್ನು ಹೊರಡಿಸಿದ ಸರ್ಕಾರದ ಮಾತಿನಲ್ಲಿ. ಪೂರ್ವಕಾಲದಲ್ಲಿ ಹೀಗಿರಲಿಲ್ಲ. ಆಗ ಚಿನ್ನ ಬೆಳ್ಳಿಗಳ ನಾಣ್ಯವೆಂದರೆ ಮುದ್ರೆಯೊತ್ತಿದ ತೂಕವೇ ಆಗಿತ್ತು. ತೂಕ ತಪ್ಪಿದರೆ ಮುದ್ರೆಗೆ ಮರ್ಯಾದೆಯಿರಲಿಲ್ಲ. ಇಸ್ಲಾಮೀ ರಾಜ್ಯಗಳ ಮೊದಲ ನಾಣ್ಯಗಳ ಚರಿತ್ರೆಯಿಂದ ಈ ಸಂಗತಿ ನಮಗೆ ಚೆನ್ನಾಗಿ ಮನದಟ್ಟಾಗುತ್ತದೆ.

ಕ್ರಿ. ಶ. ಏಳನೆಯ ಶತಮಾನದಲ್ಲಿ ಅರಬರು ಸಿರಿಯಾ, ಈಜಿಪ್ಟ್, ಇರಾಕ್, ಪಾರಸಿಕ ದೇಶಗಳನ್ನು ಗೆದ್ದಾಗ ಅವರಿಗೆ ಸ್ವಂತ ನಾಣ್ಯವಿರಲಿಲ್ಲ. ಸಿರಿಯಾ, ಈಜಿಪ್ಟ್‌ಗಳಲ್ಲಿ ರೋಮಕ ಚಕ್ರವರ್ತಿಗಳ ಚಿನ್ನವೂ ಪಾರಸಿಕದಲ್ಲಿ ಸಾಸಾನೀ ದೊರೆಗಳ ಬೆಳ್ಳಿಯೂ ನಡೆಯುತ್ತಿದ್ದುವು. ಹೆಸರುಗಳು ಕೂಡ ಹೊರಗಿನವೇ. ದೀನಾರವು ಲ್ಯಾಟಿನ್ನಿನ ‘ದೆನಾರಿಯಸ್’ ಎಂಬುದರಿಂದಲೂ, ದಿರ್ಹಮ್ ಗ್ರೀಕರ ‘ದ್ರಖ್ಮೆ’ ಎಂಬುದರಿಂದಲೂ ಬಂದುವು. ಆ ಗ್ರೀಕ್ ಮಾತೇ ಬೇರೊಂದು ದಾರಿಯಿಂದ ಭಾರತಕ್ಕೂ ಬಂದು, ನಮ್ಮ ಕನ್ನಡ ಶಾಸನಗಳಲ್ಲಿ ಗದ್ಯಾಣದ ಜೊತೆಗೆ ‘ದ್ರಮ್ಮ’ವೆಂದು ಕಾಣಿಸಿಕೊಳ್ಳುತ್ತದೆ. ಗೆದ್ದವರು ಪೇಟೆಯ ವ್ಯವಹಾರವನ್ನು ಒಮ್ಮೆಗೇ ಕದಲಿಸಲಿಲ್ಲ. ಪಾರಸಿಕ ದೊರೆಯ ಕಿರೀಟಧಾರಿಯಾದ ಮುಖವನ್ನು ಹಾಗೆಯೇ ಉಳಿಸಿಕೊಂಡು, ಅಂಚಿನಲ್ಲಿ ‘ಬಿಸ್ಮಿಲ್ಲಾ’ ಎಂದು ಅರಬ್ಬೀ ಅಕ್ಷರಗಳನ್ನು ಸೇರಿಸಿದರು.

ಈ ಸ್ಥಿತಿಯನ್ನು ಬದಲಾಯಿಸಿದವನು 685ರಿಂದ 705ರವರೆಗೆ ಆಳಿದ ಉಮಯ್ಯದ್ ವಂಶದ ಖಲೀಫ ಅಬ್ದುಲ್ ಮಲಿಕ್. ಹಿಜರಿ 77ರಲ್ಲಿ, ಎಂದರೆ ಕ್ರಿ. ಶ. 696-97ರಲ್ಲಿ, ಅವನು ಹೊರಡಿಸಿದ ಚಿನ್ನದ ದೀನಾರದಲ್ಲಿ ಚಿತ್ರವೇ ಇಲ್ಲ. ದೊರೆಯ ಮುಖವೂ ಇಲ್ಲ, ಹೆಸರೂ ಇಲ್ಲ. ದೇವರು ಒಬ್ಬನೇ ಎಂದು ಸಾರುವ ಬರಹವೂ ಅಚ್ಚುಹಾಕಿದ ವರ್ಷವೂ ಮಾತ್ರ ಇವೆ. ಸ್ವಲ್ಪ ಕಾಲದಲ್ಲಿಯೇ ಬೆಳ್ಳಿಯ ದಿರ್ಹಮೂ ಇದೇ ರೀತಿಯಲ್ಲಿ ಹೊರಬಂದಿತು. ಅದರಲ್ಲಿ ಟಂಕಸಾಲೆಯ ಊರಿನ ಹೆಸರೂ ಇರುತ್ತಿತ್ತು.

ಬರಹಕ್ಕಿಂತಲೂ ತೂಕದ ಬದಲಾವಣೆ ಹೆಚ್ಚು ಗಮನಿಸತಕ್ಕದ್ದು. ರೋಮಕರ ಚಿನ್ನದ ನಾಣ್ಯ ಸುಮಾರು ನಾಲ್ಕೂವರೆ ಗ್ರಾಂ ತೂಗುತ್ತಿತ್ತು. ಹೊಸ ದೀನಾರ ಸುಮಾರು 4.25 ಗ್ರಾಂ. ಈ ತೂಕಕ್ಕೆ ಮಿಸ್ಕಾಲ್ ಎಂದು ಹೆಸರು. ಭಾರ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಮಾತು. ನಮ್ಮ ತೊಲದ ಲೆಕ್ಕದಲ್ಲಿ ಇದು ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಬೆಳ್ಳಿಯ ದಿರ್ಹಮಿಗೆ ಸುಮಾರು 2.97 ಗ್ರಾಂ ಗೊತ್ತಾಯಿತು. ಏಳು ಮಿಸ್ಕಾಲಿಗೆ ಹತ್ತು ದಿರ್ಹಮ್ ಸಮ ಎಂಬುದೇ ಇದರ ಸೂತ್ರ. ತಕ್ಕಡಿಯ ಒಂದು ತಟ್ಟೆಯಲ್ಲಿ ಏಳು ದೀನಾರಗಳನ್ನೂ ಇನ್ನೊಂದರಲ್ಲಿ ಹತ್ತು ದಿರ್ಹಮ್‌ಗಳನ್ನೂ ಇಟ್ಟರೆ ಮುಳ್ಳು ನೆಟ್ಟಗೆ ನಿಲ್ಲಬೇಕು. ಹೀಗೆ ಚಿನ್ನಕ್ಕೆ ಬೆಳ್ಳಿಯೂ ಬೆಳ್ಳಿಗೆ ಚಿನ್ನವೂ ಸಾಕ್ಷಿಯಾದುವು.

ಆದರೆ ಸವೆದ ನಾಣ್ಯವನ್ನೂ ಅಂಚು ಕತ್ತರಿಸಿದ ನಾಣ್ಯವನ್ನೂ ಚಿನಿವಾರನು ಕಂಡುಹಿಡಿಯುವುದು ಹೇಗೆ? ಅವನ ತೂಕದ ಕಲ್ಲೇ ಸುಳ್ಳಾದರೆ ಗತಿಯೇನು? ಈಜಿಪ್ಟಿನ ಅಧಿಕಾರಿಗಳು ಇದಕ್ಕೊಂದು ಉಪಾಯ ಮಾಡಿದರು. ಗಾಜಿನಿಂದ ಬಿಲ್ಲೆಗಳನ್ನು ಎರೆದು, ಇದು ದೀನಾರದ ತೂಕ, ಇದು ಅರ್ಧ, ಇದು ಮೂರನೆಯ ಒಂದು ಪಾಲು ಎಂದು ಅಧಿಕಾರಿಯ ಹೆಸರಿನೊಡನೆ ಮುದ್ರೆಯೊತ್ತಿದರು. ಲೋಹವನ್ನು ಗುಟ್ಟಾಗಿ ಅರದಿಂದ ಉಜ್ಜಬಹುದು. ಗಾಜನ್ನು ಉಜ್ಜಿದರೂ ಮುರಿದರೂ ಕಣ್ಣಿಗೆ ಬೀಳುತ್ತದೆ. ಎಂಟನೆಯ ಶತಮಾನದ ಇಂಥ ಬಿಲ್ಲೆಗಳು ವಸ್ತುಸಂಗ್ರಹಾಲಯಗಳಲ್ಲಿ ಬಹಳವಾಗಿವೆ. ಆ ಕಾಲದ ತೂಕವನ್ನು ವಿದ್ವಾಂಸರು ನಿರ್ಣಯಿಸುವುದಕ್ಕೆ ಅವು ಮುಖ್ಯ ಆಧಾರಗಳಲ್ಲೊಂದು.

ಇಷ್ಟು ಎಚ್ಚರಿಕೆಗೆ ವ್ಯಾಪಾರವೊಂದೇ ಕಾರಣವಲ್ಲ. ಮುಸಲ್ಮಾನ ಧರ್ಮಶಾಸ್ತ್ರದ ಪ್ರಕಾರ ಇಪ್ಪತ್ತು ಮಿಸ್ಕಾಲ್ ಚಿನ್ನವೋ ಇನ್ನೂರು ದಿರ್ಹಮ್ ಬೆಳ್ಳಿಯೋ ಒಂದು ವರ್ಷ ತನ್ನಲ್ಲಿ ಉಳಿದವನು ಅದರ ನಾಲ್ವತ್ತನೆಯ ಒಂದು ಭಾಗವನ್ನು ಜಕಾತಾಗಿ ಕೊಡಬೇಕು. ಈ ಮೇರೆ ಚಿನ್ನದಲ್ಲಿ ಸುಮಾರು 85 ಗ್ರಾಂ, ಬೆಳ್ಳಿಯಲ್ಲಿ ಸುಮಾರು 595 ಗ್ರಾಂ ಆಗುತ್ತದೆ. ತೂಕ ಅತ್ತಿತ್ತ ಆದರೆ ಕೊಡತಕ್ಕವನು ಯಾರು, ಬಡವನಿಗೆ ಸಲ್ಲತಕ್ಕದ್ದು ಎಷ್ಟು ಎಂಬುದೇ ಅತ್ತಿತ್ತ ಆಗುತ್ತದೆ. ಆದುದರಿಂದಲೇ ಮುಂದೆ ರಾಜ್ಯಗಳು ಒಡೆದು, ಟಂಕಸಾಲೆಗಳು ತಮತಮಗೆ ತೋಚಿದಂತೆ ಬೆಳ್ಳಿಗೆ ತಾಮ್ರ ಬೆರಸಿದ ಕಾಲದಲ್ಲಿಯೂ ಧರ್ಮಶಾಸ್ತ್ರಜ್ಞರು ಹಳೆಯ ತೂಕವನ್ನು ಲೆಕ್ಕದ ಮಾನವಾಗಿ ಉಳಿಸಿಕೊಂಡರು.

ಈ ನಾಣ್ಯಗಳ ಮೇಲಿನ ವಿಶ್ವಾಸ ಖಲೀಫರ ಗಡಿಯನ್ನು ದಾಟಿತ್ತು. ಇಂಗ್ಲೆಂಡಿನ ಮರ್ಸಿಯಾ ಪ್ರಾಂತದ ದೊರೆ ಆಫಾ ಎಂಬವನು ಹಿಜರಿ 157ರ, ಎಂದರೆ ಕ್ರಿ. ಶ. 774ರ, ದೀನಾರವನ್ನು ಅನುಕರಿಸಿ ಚಿನ್ನದ ನಾಣ್ಯವನ್ನು ಅಚ್ಚುಹಾಕಿಸಿದನು. ಅರಬ್ಬೀ ಬರಹದ ನಡುವೆ ಲ್ಯಾಟಿನ್ನಿನಲ್ಲಿ ‘ಆಫಾ ರೆಕ್ಸ್’ ಎಂದು ಅವನ ಹೆಸರಿದೆ. ಆದರೆ ಒಂದು ಲಿಪಿ ನೆಟ್ಟಗಿದ್ದರೆ ಇನ್ನೊಂದು ತಲೆಕೆಳಗು. ಅಚ್ಚು ಕೊರೆದವನಿಗೆ ಅರಬ್ಬೀ ತಿಳಿಯದಿದ್ದರೂ ದೀನಾರಕ್ಕೆ ಸಲ್ಲುತ್ತಿದ್ದ ಬೆಲೆ ತಿಳಿದಿತ್ತು. ಆ ನಾಣ್ಯ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಈ ಪದ್ಧತಿಯ ಗುರುತು ನಮ್ಮ ಅಕ್ಕಸಾಲೆಯ ಬಾಯಲ್ಲಿಯೂ ಉಳಿದಿದೆ. ಮಿಸ್ಕಾಲಿನ ಸಣ್ಣ ಭಾಗಕ್ಕೆ ಕೀರಾತ್ ಎಂದು ಹೆಸರು. ಗ್ರೀಕರು ಒಂದು ಮರದ ಕಾಯಿಯ ಬೀಜವನ್ನು ನಮ್ಮ ಗುಲಗಂಜಿಯಂತೆ ತೂಕಕ್ಕೆ ಬಳಸುತ್ತಿದ್ದರು. ಕೀರಾತ್ ಎಂಬುದು ಅದರ ಹೆಸರಿನಿಂದ ಬಂದದ್ದು. ಅದೇ ಯೂರೋಪನ್ನು ಸುತ್ತಿ ‘ಕ್ಯಾರೆಟ್’ ಆಗಿ ನಮ್ಮಲ್ಲಿಗೆ ಬಂದಿದೆ. ಇಪ್ಪತ್ತೆರಡು ಕ್ಯಾರೆಟ್ಟಿನ ಬಳೆಯನ್ನು ನಂಬಿ ಕೊಳ್ಳುವಾಗ ನಾವೂ ಆ ಹಳೆಯ ಚಿನಿವಾರರ ಮಾತನ್ನೇ ಆಡುತ್ತಿದ್ದೇವೆ.