ಅಪ್ಪನ ರಿಪೋರ್ಟ್‌ನಲ್ಲಿ 130, ನಿಮ್ಮದರಲ್ಲಿ 3.4: ಲೈಪೊಪ್ರೋಟೀನ್ ಪರೀಕ್ಷೆ ಓದುವುದು ಹೇಗೆ?

ಊರಿನಿಂದ ಅಪ್ಪ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ 130. ಲಂಡನ್ನಿನಲ್ಲೋ ಮೆಲ್ಬರ್ನಿನಲ್ಲೋ ಇರುವ ನಿಮ್ಮ ರಿಪೋರ್ಟ್‌ನಲ್ಲಿ ಅದು 3.4. ‘ಸದ್ಯ, ನನ್ನದು ಎಷ್ಟು ಕಡಿಮೆ!’ ಎಂದು ಖುಷಿಪಡುವ ಮುನ್ನ ಅಂಕಿಯ ಪಕ್ಕದಲ್ಲಿರುವ ಅಳತೆ ನೋಡಿ. ಇವೆರಡೂ ಹೆಚ್ಚುಕಡಿಮೆ ಒಂದೇ!

ಭಾರತ, ಅಮೆರಿಕದಲ್ಲಿ ಲೆಕ್ಕ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾದಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂದು. ಊರಿನ ಕೊಲೆಸ್ಟ್ರಾಲ್ ಅಂಕಿಯನ್ನು 38.7ರಿಂದ, ಟ್ರೈಗ್ಲಿಸರೈಡ್ ಅಂಕಿಯನ್ನು 88.6ರಿಂದ ಭಾಗಿಸಿದರೆ ಇಲ್ಲಿನ ಅಂಕಿ ಸಿಗುತ್ತದೆ.

ಯಾವುದು ಏನು?

ಸಾರಿನ ಮೇಲೆ ತುಪ್ಪ ತೇಲುವುದನ್ನು ನೋಡಿದ್ದೀರಲ್ಲ? ರಕ್ತದಲ್ಲೂ ಕೊಬ್ಬು ಕರಗುವುದಿಲ್ಲ. ಪ್ರೋಟೀನ್ ಹೊದಿಕೆಯ ಸಣ್ಣ ಕಣಗಳು ಅದನ್ನು ಹೊತ್ತು ಸಾಗಿಸುತ್ತವೆ. ಇವೇ ಲೈಪೊಪ್ರೋಟೀನ್‌ಗಳು.

ಎಲ್‌ಡಿಎಲ್: ಹೆಚ್ಚಾದರೆ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. 100ಕ್ಕಿಂತ (2.6) ಕಡಿಮೆ ಇದ್ದರೆ ಒಳ್ಳೆಯದು. 160 (4.1) ದಾಟಿದರೆ ಹೆಚ್ಚು. 190 (4.9) ದಾಟಿದರೆ ವಂಶಪಾರಂಪರ್ಯದ ಕಾರಣವಿದೆಯೇ ಎಂದು ವೈದ್ಯರು ನೋಡುತ್ತಾರೆ.

ಎಚ್‌ಡಿಎಲ್: ಗಂಡಸರಿಗೆ 40ಕ್ಕಿಂತ (1.0), ಹೆಂಗಸರಿಗೆ 50ಕ್ಕಿಂತ (1.3) ಕಡಿಮೆ ಇರಬಾರದು. ಆದರೆ ಇದು ಚೆನ್ನಾಗಿದೆ ಎಂದು ಎಲ್‌ಡಿಎಲ್ ಅನ್ನು ಮರೆಯುವಂತಿಲ್ಲ.

ಟ್ರೈಗ್ಲಿಸರೈಡ್: 150ರ (1.7) ಒಳಗಿರಲಿ. ಸಿಹಿ, ಬಿಳಿ ಅನ್ನ, ಮೈದಾ, ಮದ್ಯ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದನ್ನು ಏರಿಸುತ್ತವೆ. 400 ದಾಟಿದರೆ ಲೆಕ್ಕ ಹಾಕಿ ಬರೆದ ಎಲ್‌ಡಿಎಲ್ ಅಂಕಿಯನ್ನೂ ನಂಬಲಾಗದು.

ನಾನ್-ಎಚ್‌ಡಿಎಲ್: ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆದರೆ ಉಳಿಯುವುದು. ಅಪಾಯ ತರುವ ಎಲ್ಲ ಕಣಗಳಲ್ಲಿನ ಕೊಲೆಸ್ಟ್ರಾಲ್ ಇದರಲ್ಲಿ ಬರುತ್ತದೆ.

ಕೇಳಿ ಮಾಡಿಸಬೇಕಾದ ಒಂದು ಪರೀಕ್ಷೆ

‘ಎಲ್‌ಪಿ ಲಿಟಲ್ ಎ’ ಎಂಬ ಲೈಪೊಪ್ರೋಟೀನ್ ಮಾಮೂಲಿ ಪರೀಕ್ಷೆಯಲ್ಲಿ ಇರುವುದಿಲ್ಲ. ಅದರ ಮಟ್ಟವನ್ನು ಬಹುಮಟ್ಟಿಗೆ ನಿರ್ಧರಿಸುವುದು ವಂಶವಾಹಿ. ಊಟ, ವ್ಯಾಯಾಮದಿಂದ ಅಷ್ಟಾಗಿ ಬದಲಾಗದು. ಹಾಗಾಗಿ ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. 50 ಮಿಲಿಗ್ರಾಂ ಅಥವಾ 125 ನ್ಯಾನೋಮೋಲ್ ದಾಟಿದರೆ ಹೆಚ್ಚು. ಆಗ ಎಲ್‌ಡಿಎಲ್, ಬಿಪಿ, ಧೂಮಪಾನದ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿರಬೇಕು. ಅಪ್ಪ ಅಥವಾ ಅಮ್ಮನಿಗೆ ಹೆಚ್ಚಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಸುಮಾರು ಅರ್ಧದಷ್ಟು.

ನಮ್ಮ ಮೂಲವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಹೃದ್ರೋಗ ಸಂಸ್ಥೆಗಳ 2018ರ ಮಾರ್ಗಸೂಚಿ ದಕ್ಷಿಣ ಏಷ್ಯಾ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶವೆಂದು ಹೆಸರಿಸಿದೆ.

ಅಜ್ಜಿಯ ಮಾತಿನಲ್ಲಿರುವ ಮಾಹಿತಿ

‘ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ?’ ಎಂದು ಇಲ್ಲಿನ ಡಾಕ್ಟರು ಕೇಳುತ್ತಾರೆ. ಉತ್ತರ ಇರುವುದು ಊರಿನಲ್ಲಿ, ಕನ್ನಡದಲ್ಲಿ. ‘ದೊಡ್ಡಪ್ಪಂಗೆ ಗ್ಯಾಸ್ ಆಗಿತ್ತು’, ‘ಮಲಗಿದವರು ಏಳಲೇ ಇಲ್ಲ’ ಎನ್ನುವ ಮಾತಿನ ಹಿಂದೆ ಹೃದಯಾಘಾತವೂ ಇದ್ದಿರಬಹುದು. ಆಗ ವಯಸ್ಸೆಷ್ಟು, ಆಸ್ಪತ್ರೆಯಲ್ಲಿ ಏನೆಂದರು, ಸ್ಟೆಂಟ್ ಹಾಕಿದ್ದರೇ ಎಂದು ಬಿಡಿಸಿ ಕೇಳಿ. ತಂದೆ, ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ, ಅಕ್ಕತಂಗಿಯರಿಗೆ 65ರೊಳಗೆ ಬಂದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಮುಂದಿನ ವಿಡಿಯೊ ಕಾಲ್‌ನಲ್ಲಿ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಅಜ್ಜಿ ಹೇಳಿದ್ದನ್ನು ದೊಡ್ಡ ಮಗಳು ಇಂಗ್ಲಿಷಿನಲ್ಲಿ ಬರೆದುಕೊಳ್ಳಲಿ. ಭಾಷೆಗೂ ಒಳ್ಳೆಯದು, ನಾಳೆ ಅವಳ ಡಾಕ್ಟರಿಗೂ ಬೇಕಾದೀತು.

ಮಕ್ಕಳಿಗೆ ಯಾವಾಗ?

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 9ರಿಂದ 11ರ ನಡುವೆ ಒಮ್ಮೆ, 17ರಿಂದ 21ರ ನಡುವೆ ಇನ್ನೊಮ್ಮೆ ಎನ್ನುತ್ತದೆ. ಬೇರೆ ದೇಶಗಳ ಕ್ರಮ ಬೇರೆ. ಮನೆತನದಲ್ಲಿ ತೊಂದರೆ ಇದ್ದರೆ ನೀವೇ ಕೇಳಿ. ವಂಶಪಾರಂಪರ್ಯವಾಗಿ ಕೊಲೆಸ್ಟ್ರಾಲ್ ಏರುವ ಕಾಯಿಲೆ ಸುಮಾರು 250 ಜನರಲ್ಲಿ ಒಬ್ಬರಿಗಿದೆ. ಮಗು ತೆಳ್ಳಗಿದ್ದರೂ ಬರಬಹುದು, ಬೇಗ ತಿಳಿದರೆ ಚಿಕಿತ್ಸೆಯೂ ಇದೆ.

ಇಲ್ಲಿನ ಅಂಕಿಗಳು ದೊಡ್ಡವರಿಗೆ; ಮಕ್ಕಳ ಮಿತಿ ಬೇರೆ. ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಇರುವವರ ಗುರಿಯೂ ಬೇರೆ. ರಿಪೋರ್ಟ್ ನೋಡಿ ನೀವೇ ಮಾತ್ರೆ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ. ನಿಮ್ಮದು, ಅಪ್ಪಅಮ್ಮನದು, ಎರಡೂ ರಿಪೋರ್ಟ್ ಹಿಡಿದು ಡಾಕ್ಟರ ಮುಂದೆ ಕೂರಿ.