ಆ ದಡದಲ್ಲಿ ನಮ್ಮವರು ಯಾರು?

ತುಮಕೂರು, ಹಾಸನ ಕಡೆಯ ಮಿಡಿಸೌತೆ ಡ್ರಮ್ಮುಗಳಲ್ಲಿ ಯುರೋಪಿಗೆ ಹೋಗುತ್ತದೆ. ಚಿಕ್ಕಮಗಳೂರಿನ ಕಾಫಿ, ಇಳಕಲ್ಲಿನ ಗ್ರಾನೈಟ್, ಬೆಂಗಳೂರಿನ ಯಂತ್ರಭಾಗಗಳೂ ಮಂಗಳೂರು, ಚೆನ್ನೈ, ನ್ಹಾವಾ ಶೇವಾ ಬಂದರುಗಳಿಂದ ಸಮುದ್ರ ದಾಟುತ್ತವೆ. ದಾಟಿಸುವ ಹೊಣೆ ಹೊತ್ತ ಬಹಳಷ್ಟು ಮಂದಿಗೆ ಸ್ವಂತ ಹಡಗಿಲ್ಲ, ವಿಮಾನವಿಲ್ಲ, ಎಷ್ಟೋ ಸಲ ಒಂದು ಲಾರಿಯೂ ಇಲ್ಲ. ಇವರೇ ಫ್ರೈಟ್ ಫಾರ್ವರ್ಡರ್‌ಗಳು. ಮುಂಬೈನ ಅಂಧೇರಿ, ಚೆನ್ನೈನ ಪ್ಯಾರಿಸ್ ಕಾರ್ನರ್ ಸುತ್ತಮುತ್ತ ಇಂಥ ಸಣ್ಣ ಕಚೇರಿಗಳು ತುಂಬಾ ಇವೆ. ಅಲ್ಲಿನ ಡಾಕ್ಯುಮೆಂಟೇಷನ್ ಮೇಜುಗಳಲ್ಲಿ ನಮ್ಮ ಊರಿನ ಹುಡುಗ ಹುಡುಗಿಯರೂ ಕೂತಿರುತ್ತಾರೆ.

ಬಹುರಾಷ್ಟ್ರೀಯ ಕಂಪನಿಗೆ ಹ್ಯಾಂಬರ್ಗ್‌ನಲ್ಲಿ ತನ್ನದೇ ಶಾಖೆ ಇರುತ್ತದೆ. ಸಣ್ಣ ಫಾರ್ವರ್ಡರ್‌ಗೆ ಅಲ್ಲಿ ಇರುವುದು ಒಬ್ಬ ಏಜೆಂಟ್ ಮಾತ್ರ. ಆ ಏಜೆಂಟ್ ಕೈಯಲ್ಲಿ ಎಷ್ಟು ಅಧಿಕಾರ ಇದೆ ಎಂಬುದು ಕಾಗದ ನೋಡಿದರೆ ತಿಳಿಯುತ್ತದೆ. ಹಡಗು ಕಂಪನಿ ಫಾರ್ವರ್ಡರ್‌ಗೆ ಮಾಸ್ಟರ್ ಬಿಲ್ ಕೊಡುತ್ತದೆ. ಅದರಲ್ಲಿ ಸರಕು ಪಡೆಯುವವನ ಜಾಗದಲ್ಲಿ ಏಜೆಂಟ್ ಹೆಸರಿರುತ್ತದೆ. ಫಾರ್ವರ್ಡರ್ ರಫ್ತುದಾರನಿಗೆ ಹೌಸ್ ಬಿಲ್ ಕೊಡುತ್ತಾನೆ. ಅದು ಬ್ಯಾಂಕ್ ಮೂಲಕ ಖರೀದಿದಾರನಿಗೆ ಹೋಗುತ್ತದೆ. ಖರೀದಿದಾರ ದುಡ್ಡು ಕಟ್ಟಿ ಮೂಲ ಹೌಸ್ ಬಿಲ್ ತಂದರೆ ಮಾತ್ರ ಏಜೆಂಟ್ ಸರಕು ಬಿಡಬೇಕು. ಪರಿಚಯದ ಮುಲಾಜಿಗೆ ಬಿಟ್ಟುಕೊಟ್ಟನೋ, ತುಮಕೂರಿನ ರಫ್ತುದಾರನ ಮಾಲೂ ಹೋಯಿತು, ಹಣವೂ ಹೋಯಿತು. ಅವನು ಬಂದು ಹಿಡಿಯುವುದು ಹೌಸ್ ಬಿಲ್ ಬರೆದುಕೊಟ್ಟ ಇಲ್ಲಿನ ಫಾರ್ವರ್ಡರ್‌ನನ್ನು.

ಈ ಭಯಕ್ಕೆ ಮದ್ದಾಗಿ ಬೆಳೆದದ್ದೇ ಸ್ವತಂತ್ರ ಫಾರ್ವರ್ಡರ್‌ಗಳ ಜಾಲಗಳು. ವೃತ್ತಿಯ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಟಾ 1926ರಲ್ಲೇ ವಿಯೆನ್ನಾದಲ್ಲಿ ಹುಟ್ಟಿತು. ಆದರೆ ಅದು ವೃತ್ತಿಯ ದನಿ, ವ್ಯಾಪಾರದ ಜಾಲವಲ್ಲ. ವ್ಯಾಪಾರಕ್ಕಾಗಿ ಕಟ್ಟಿದ ಜಾಲಗಳಲ್ಲಿ ದೊಡ್ಡದು 1998ರಲ್ಲಿ ಶುರುವಾದ ಡಬ್ಲ್ಯೂಸಿಎ. ಇಂಥ ಜಾಲಗಳಲ್ಲಿ ಸದಸ್ಯರು ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟುತ್ತಾರೆ, ವಾರ್ಷಿಕ ಸಮ್ಮೇಳನದಲ್ಲಿ ಮೇಜಿನಿಂದ ಮೇಜಿಗೆ ಓಡಾಡಿ ಒಬ್ಬೊಬ್ಬರನ್ನೇ ಭೇಟಿ ಮಾಡುತ್ತಾರೆ. ಕೆಲವು ಜಾಲಗಳು ಒಂದು ನಗರಕ್ಕೆ ಇಂತಿಷ್ಟೇ ಸದಸ್ಯರು ಎಂದು ಮಿತಿ ಹಾಕುತ್ತವೆ. ಕೆಲವು ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತವೆ. ಸದಸ್ಯನೊಬ್ಬ ಬಾಕಿ ಉಳಿಸಿದರೆ ಒಂದು ಮಿತಿಯವರೆಗೆ ತುಂಬಿಕೊಡುವ ರಕ್ಷಣಾ ನಿಧಿಯೂ ಕೆಲವು ಕಡೆ ಉಂಟು.

ಇದರ ಲಾಭ ಕಷ್ಟಕಾಲದಲ್ಲಿ ಕಾಣುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದ ದಾಳಿಗಳಿಗೆ ಹೆದರಿ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗತೊಡಗಿದಾಗ, ಯುರೋಪಿನ ಸರಕು ಎರಡು ವಾರದಷ್ಟು ತಡವಾಗುತ್ತಿತ್ತು. ಬಾಡಿಗೆ ಏರಿತ್ತು. ಆಗ ಹಡಗು ಯಾವ ದಿನ ಮುಟ್ಟುತ್ತದೆ, ಬಂದರಿನ ಬಿಟ್ಟಿ ದಿನಗಳು ಎಂದು ಮುಗಿಯುತ್ತವೆ, ಡೆಮರೇಜ್ ತಪ್ಪಿಸಲು ಯಾರನ್ನು ಕೇಳಬೇಕು ಎಂದು ಮುಂಚಿತವಾಗಿ ತಿಳಿಸುವ ಏಜೆಂಟ್ ಇದ್ದವರು ಬಚಾವಾದರು.

ಆದರೆ ಜಾಲದ ಬಿಲ್ಲೆ ಅಂಟಿಸಿಕೊಂಡ ಮಾತ್ರಕ್ಕೆ ಕೆಲಸ ಹರಿದು ಬರುವುದಿಲ್ಲ. ಇದು ಮುಯ್ಯಿಯ ವ್ಯವಹಾರ: ನೀವು ಕೊಟ್ಟರೆ ಅವರು ಕೊಡುತ್ತಾರೆ. ನಮ್ಮ ರಫ್ತುದಾರರಲ್ಲಿ ಅನೇಕರು ಎಫ್‌ಒಬಿ ಲೆಕ್ಕದಲ್ಲಿ ಮಾರುತ್ತಾರೆ. ಅಂದರೆ ಹಡಗು ಬಾಡಿಗೆ ಖರೀದಿದಾರನದು, ಫಾರ್ವರ್ಡರ್‌ನನ್ನು ಆರಿಸುವವನೂ ಅವನೇ. ಆಗ ಇಲ್ಲಿನ ಕಚೇರಿಗೆ ಉಳಿಯುವುದು ಹ್ಯಾಂಡ್ಲಿಂಗ್ ಶುಲ್ಕ ಮಾತ್ರ. ಬಾಡಿಗೆಯನ್ನೂ ತಾನೇ ಕಟ್ಟುವ ಸಿಐಎಫ್ ಲೆಕ್ಕಕ್ಕೆ ರಫ್ತುದಾರನನ್ನು ಒಪ್ಪಿಸಿದ ಫಾರ್ವರ್ಡರ್ ಹ್ಯಾಂಬರ್ಗಿನ ಏಜೆಂಟ್‌ಗೆ ಕೆಲಸ ಕೊಡಬಲ್ಲ. ಹಾಗಾಗಿ ಅವನಿಂದ ಕೇಳಿಯೂ ಪಡೆಯಬಲ್ಲ.

ಜೊತೆಗೂಡುವುದು ನಗರದೊಳಗೂ ನಡೆಯುತ್ತದೆ. 20 ಅಡಿ ಕಂಟೇನರಿನಲ್ಲಿ ಸುಮಾರು 25ರಿಂದ 28 ಘನ ಮೀಟರ್ ಸರಕು ಹಿಡಿಯುತ್ತದೆ. ಒಬ್ಬನ ಗಿರಾಕಿಯದು ಮೂರು, ಇನ್ನೊಬ್ಬನದು ಐದು. ಇಬ್ಬರೂ ಪ್ರತಿಸ್ಪರ್ಧಿಗಳೇ, ಆದರೂ ಒಂದೇ ಪೆಟ್ಟಿಗೆಯಲ್ಲಿ ಕೋ-ಲೋಡ್ ಮಾಡದಿದ್ದರೆ ಇಬ್ಬರಿಗೂ ಗಿಟ್ಟುವುದಿಲ್ಲ. ಒಬ್ಬರ ಗಿರಾಕಿಗೆ ಇನ್ನೊಬ್ಬರು ಕೈ ಹಾಕಬಾರದು ಎಂಬ ಬರೆಯದ ಕಟ್ಟಳೆ ಈ ಸಂಬಂಧವನ್ನು ಉಳಿಸಿದೆ.

ದೊಡ್ಡವರು ಮತ್ತಷ್ಟು ದೊಡ್ಡವರಾಗುತ್ತಿರುವ ಕಾಲ ಇದು. ಡೆನ್ಮಾರ್ಕಿನ ಡಿಎಸ್‌ವಿ 2025ರಲ್ಲಿ ಜರ್ಮನಿಯ ಶೆಂಕರ್ ಕಂಪನಿಯನ್ನು ಕೊಂಡುಕೊಂಡಿತು. ಒಪ್ಪಂದದ ಮೌಲ್ಯ 14.3 ಶತಕೋಟಿ ಯೂರೋ. ಆ ಡಿಎಸ್‌ವಿ ಹುಟ್ಟಿದ್ದು 1976ರಲ್ಲಿ, ಬೆರಳೆಣಿಕೆಯ ಲಾರಿ ಮಾಲೀಕರು ಒಂದಾದಾಗ. ಹೆಸರಿನ ಮೂಲ ಅರ್ಥವೇ ‘ಒಗ್ಗೂಡಿದ ಲಾರಿ ಮಾಲೀಕರು’ ಎಂದು. ಸಣ್ಣವರ ಕೂಟವನ್ನು ಹಗುರವಾಗಿ ಕಾಣಬೇಡಿ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಹತ್ತು ವರ್ಷ ನೌಕರಿ ಮಾಡಿ ಸ್ವಂತ ಕಚೇರಿ ತೆರೆಯುವ ಕನಸು ಕಾಣುವ ನಮ್ಮವರು ಕೆಲವು ವಿಷಯ ಗಮನಿಸಬೇಕು. 1993ರ ಬಹುಮಾದರಿ ಸರಕು ಸಾಗಣೆ ಕಾಯ್ದೆಯಡಿ ನೋಂದಣಿ, ಹೊಣೆಗಾರಿಕೆ ವಿಮೆ ಮೊದಲು ಮಾಡಿಸಿ. ಜಾಲ ಸೇರುವ ಮುನ್ನ ರಕ್ಷಣಾ ನಿಧಿಯ ಷರತ್ತು ಪೂರ್ತಿ ಓದಿ. ಬಾಕಿಯ ದೂರನ್ನು ಎಷ್ಟು ದಿನದೊಳಗೆ ಕೊಡಬೇಕು ಎಂಬ ಸಾಲು ಅಲ್ಲೇ ಇರುತ್ತದೆ. ಹೊಸ ಏಜೆಂಟ್‌ಗೆ ಮೊದಲ ಕೆಲವು ಕಂಟೇನರ್‌ಗಳಲ್ಲಿ ಸಾಲ ಬಿಡಬೇಡಿ, ಹಳೆಯ ಸದಸ್ಯರಿಬ್ಬರಿಗೆ ಫೋನ್ ಮಾಡಿ ವಿಚಾರಿಸಿ. ನಿಮ್ಮ ಕಡೆಯಿಂದ ಹೋಗಬೇಕಾದ ಲಾಭದ ಪಾಲನ್ನು ಮಾತ್ರ ಒಂದು ದಿನವೂ ತಡಮಾಡಬೇಡಿ. ನಾವು ಅವರನ್ನು ವಿಚಾರಿಸುವ ಹಾಗೆಯೇ ಅಲ್ಲಿಯವರೂ ನಮ್ಮನ್ನು ವಿಚಾರಿಸುತ್ತಿರುತ್ತಾರೆ.