ಬಾಂಬು ಹಿಡಿದ ಗಾಂಧಿ

ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಹಿರಿಯರು ಆಡುತ್ತಿದ್ದ ಪರಮಪದ ಸೋಪಾನ ಪಟವನ್ನು ನೆನಪಿಸಿಕೊಳ್ಳಿ. ಪುಣ್ಯಕ್ಕೆ ಏಣಿ, ಪಾಪಕ್ಕೆ ಹಾವು, ಕೊನೆಗೆ ವೈಕುಂಠ. ಅದರ ಉಪದೇಶ ಕಾಯಿಗಳ ಬಣ್ಣದಲ್ಲಿರಲಿಲ್ಲ, ಆಟದ ನಿಯಮದಲ್ಲಿತ್ತು. ಇಂದಿನ ವಿಡಿಯೊ ಗೇಮುಗಳ ರಾಜಕೀಯವನ್ನು ಹುಡುಕುವವರೂ ಮೊದಲು ನಿಯಮಗಳನ್ನೇ ನೋಡಬೇಕು. ಇದಕ್ಕೆ ಒಳ್ಳೆಯ ನಿದರ್ಶನ, 'ಸಿವಿಲೈಜೇಷನ್' ಎಂಬ ಆಟದಲ್ಲಿ ಬರುವ ಗಾಂಧಿ.

ಸಿಡ್ ಮೇಯರ್ ಮತ್ತು ಬ್ರೂಸ್ ಶೆಲ್ಲಿ ಅಮೆರಿಕದಲ್ಲಿ ರೂಪಿಸಿದ ಈ ಆಟ 1991ರಲ್ಲಿ ಬಂದಿತು. ಆಡುವವರು ಕ್ರಿ.ಪೂ. 4000ದಲ್ಲಿ ಒಂದು ಊರು ಕಟ್ಟಿ, ವಿದ್ಯೆ, ವ್ಯಾಪಾರ, ಸೈನ್ಯಗಳನ್ನು ಬೆಳೆಸುತ್ತ ಬಾಹ್ಯಾಕಾಶ ಯುಗದವರೆಗೆ ಸಾಗಬೇಕು. ಎದುರಾಳಿ ರಾಷ್ಟ್ರಗಳನ್ನು ಕಂಪ್ಯೂಟರ್ ನಡೆಸುತ್ತದೆ. ಅಮೆರಿಕಕ್ಕೆ ಲಿಂಕನ್, ರಷ್ಯಕ್ಕೆ ಸ್ಟಾಲಿನ್, ಜರ್ಮನಿಗೆ ಫ್ರೆಡರಿಕ್ ದೊರೆ, ಭಾರತಕ್ಕೆ ಗಾಂಧಿ ನಾಯಕರು. ಸ್ಟಾಲಿನ್ ಇದ್ದು ಹಿಟ್ಲರ್ ಇಲ್ಲದಿರುವುದೇ ಒಂದು ರಾಜಕೀಯ ತೀರ್ಮಾನ. ಸರ್ಕಾರದ ಯಾವ ಹುದ್ದೆಯನ್ನೂ ಹಿಡಿಯದ ಗಾಂಧೀಜಿ ಇಲ್ಲಿ ರಾಷ್ಟ್ರಾಧಿಪತಿಯಾದದ್ದು ಇನ್ನೊಂದು.

ಈ ಗಾಂಧಿಯ ಬಗ್ಗೆ ಒಂದು ಕಥೆ ಲೋಕಪ್ರಸಿದ್ಧ. ಅವರ ಆಕ್ರಮಣಶೀಲತೆಗೆ ಕೇವಲ 1 ಅಂಕವಿತ್ತಂತೆ. ಭಾರತ ಪ್ರಜಾಪ್ರಭುತ್ವವನ್ನು ಒಪ್ಪಿದೊಡನೆ ಅದರಲ್ಲಿ 2 ಕಳೆಯಬೇಕು. ಸೊನ್ನೆಯಿಂದ 255ರವರೆಗೆ ಮಾತ್ರ ಎಣಿಸಬಲ್ಲ ಕಂಪ್ಯೂಟರಿನ ಪುಟ್ಟ ಕೋಣೆಗೆ ಋಣಸಂಖ್ಯೆ ತಿಳಿಯದು. ಸ್ಕೂಟರಿನ ಮೀಟರನ್ನು ಸೊನ್ನೆಯಿಂದ ಹಿಂದಕ್ಕೆ ತಿರುಗಿಸಿದರೆ ಎಲ್ಲ ಒಂಬತ್ತುಗಳು ಬರುವಂತೆ, ಅಂಕ 255ಕ್ಕೆ ಹಾರಿತು. ಶಾಂತಿದೂತ ಅಣುಬಾಂಬು ಸುರಿಸತೊಡಗಿದರು!

ಕಥೆ ಸೊಗಸಾಗಿದೆ, ಆದರೆ ನಿಜವಲ್ಲ. 2020ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಮೇಯರ್ ಅವರೇ ಇದನ್ನು ಅಲ್ಲಗಳೆದಿದ್ದಾರೆ. ಮೂಲ ಆಟದಲ್ಲಿ ಆಕ್ರಮಣಶೀಲತೆಗೆ ಮೂರೇ ಹಂತಗಳಿದ್ದವು. ಅತ್ಯಂತ ಕೆಳಗಿನ ಹಂತದಲ್ಲಿ ಗಾಂಧಿಯೊಡನೆ ಇತರ ನಾಯಕರೂ ಇದ್ದರು. ಯುದ್ಧ ಬಂದು, ಕೈಯಲ್ಲಿ ಅಣ್ವಸ್ತ್ರವಿದ್ದರೆ ಯಾವ ನಾಯಕನಾದರೂ ಪ್ರಯೋಗಿಸಬಹುದಿತ್ತು. ಲಿಂಕನ್ ಹಾಗೆ ಮಾಡಿದರೆ ಯಾರೂ ಬೆರಗಾಗಲಿಲ್ಲ. ಗಾಂಧಿ ಮಾಡಿದಾಗ ಮಾತ್ರ ಅದು ಮನಸ್ಸಿನಲ್ಲಿ ಉಳಿಯಿತು.

ಮುಂದೆ ತಮಾಷೆಯೇ ನಿಯಮವಾಯಿತು. 2010ರ ಐದನೆಯ ಆವೃತ್ತಿಯಲ್ಲಿ ಗಾಂಧಿಯ ಅಣ್ವಸ್ತ್ರದ ಒಲವನ್ನು ಬೇಕೆಂದೇ ಅತಿ ಹೆಚ್ಚಾಗಿ ಇಡಲಾಯಿತು. 2016ರ ಆರನೆಯ ಆವೃತ್ತಿಯಲ್ಲಿ 'ಸತ್ಯಾಗ್ರಹ' ಎಂಬ ವಿಶೇಷ ಗುಣವನ್ನೂ ಕೊಡಲಾಯಿತು: ಅವರ ಮೇಲೆ ಯುದ್ಧ ಹೂಡಿದವರ ಪ್ರಜೆಗಳಿಗೆ ಯುದ್ಧದ ಬೇಸರ ಬೇಗ ಹತ್ತುತ್ತದೆ. ಆದರೆ ಬಾಂಬಿನ ಮೋಹವೂ ಅದೇ ಪಾತ್ರದಲ್ಲಿ ಉಳಿಯಿತು.

ಇದು ಬರೀ ನಗೆಯ ಮಾತಲ್ಲ. 2018ರಲ್ಲಿ ಕೆನಡಾದ ಮೂಲನಿವಾಸಿ ಕ್ರೀ ಜನಾಂಗದ ನಾಯಕ ಪೌಂಡ್‌ಮೇಕರ್ ಈ ಆಟಕ್ಕೆ ಸೇರಿದಾಗ ಆ ಸಮುದಾಯದ ಮುಖಂಡರೊಬ್ಬರು ಆಕ್ಷೇಪಿಸಿದರು. ಪರರ ನೆಲವನ್ನು ಗೆಲ್ಲುವುದು ತಮ್ಮವರ ಮೌಲ್ಯವೂ ಆಗಿತ್ತೆಂಬ ಭಾವನೆಯನ್ನು ಆಟ ಹರಡುತ್ತದೆ ಎಂಬುದು ಅವರ ದೂರು. ಗೌರವದಿಂದ ಚಿತ್ರಿಸಿದ ಮುಖವೂ ಆಟದ ನಿಯಮಕ್ಕೆ ತಲೆಬಾಗಲೇಬೇಕು. ಬೆಳೆಯಬೇಕು, ನೆಲ ಹಿಡಿಯಬೇಕು, ಗೆಲ್ಲಬೇಕು ಎನ್ನುವ ಮಣೆಯ ಮೇಲೆ ಯಾರನ್ನು ಕೂರಿಸಿದರೂ ಅವರು ಚಕ್ರವರ್ತಿಯಾಗಿಯೇ ಏಳುತ್ತಾರೆ.

ನಿಜವಾದ ಗಾಂಧೀಜಿ 1946ರಲ್ಲಿ 'ಹರಿಜನ' ಪತ್ರಿಕೆಯಲ್ಲಿ ಅಣುಬಾಂಬನ್ನು ಖಂಡಿಸಿ ಬರೆದರು. ಅವರ ದೇಶ 1974ರಲ್ಲಿ, ಮತ್ತೆ 1998ರಲ್ಲಿ ಪೋಖ್ರಾನ್‌ನಲ್ಲಿ ಪರಮಾಣು ಪರೀಕ್ಷೆ ನಡೆಸಿತು. ಆದ್ದರಿಂದ ಪರದೆಯ ಮೇಲಿನ ಗಾಂಧಿಯನ್ನು ಕಂಡು ನಾವು ನಕ್ಕರೂ ಆ ನಗೆಯಲ್ಲಿ ಒಂದು ಮುಳ್ಳಿದೆ. ರಾಜ್ಯಗಳ ಆಟಕ್ಕೆ ಕುಳಿತ ಮೇಲೆ ಗಾಂಧಿಯ ದಾರಿಯಲ್ಲಿ ಗೆಲ್ಲಲು ಸಾಧ್ಯವೇ? ಇದು ಮಕ್ಕಳ ಆಟದ ಪ್ರಶ್ನೆ ಮಾತ್ರವಲ್ಲ.